ಒಂದು ಮಿಲಿಮೀಟರ್ ಹಕ್ಕಳೆಯ ಲೆಕ್ಕ: ಸಕ್ಕರೆ ಕಾರ್ಖಾನೆಯ ಕೊಳವೆಗಳನ್ನು ತೊಳೆಯುವ ವಿಜ್ಞಾನ



ನಿಮ್ಮ ಮನೆಯಲ್ಲಿ ಬಕೆಟ್‌ನ ನೀರು ಕಾಯಿಸುವ ರಾಡ್ ಇದ್ದರೆ ಅದನ್ನು ಒಮ್ಮೆ ಕೈಗೆ ತಗೊಂಡು ನೋಡ್ರಿ. ಮೊದಲು ಪ್ಲಗ್ಗಿನಿಂದ ತೆಗೆದು, ಪೂರಾ ತಣ್ಣಗಾದ ಮೇಲೆ. ತಂದಾಗ ಫಳಫಳ ಹೊಳೆಯುತ್ತಿದ್ದ ರಾಡಿನ ಮೇಲೆ ಈಗ ಬಿಳಿ ಬಿಳಿಯಾದ ಗಟ್ಟಿ ಪದರು ಕಟ್ಟಿರುತ್ತದೆ. ಉಗುರಿನಿಂದ ಕೆರೆದರೆ ಸುಲಭವಾಗಿ ಬರೋದಿಲ್ಲ. ಬೋರ್‌ವೆಲ್ ನೀರು ಬಳಸುವ ಮನೆಯಲ್ಲಿ ಈ ಪದರು ಇನ್ನೂ ಬೇಗ ಕಟ್ಟುತ್ತದೆ. ಗಾಯದ ಮೇಲೆ ಕಟ್ಟುವ ಹಾಗೆ ಲೋಹದ ಮೇಲೆ ಕಟ್ಟಿದ ಇದನ್ನು ನಾವು ಈ ಪಾಠದಲ್ಲಿ 'ಹಕ್ಕಳೆ' ಅನ್ನೋಣ. ಕಾರ್ಖಾನೆಯವರು 'ಸ್ಕೇಲ್' ಅಂತಾರೆ.

ಮನೆಯಲ್ಲಿ ಇರೋದು ಒಂದೇ ರಾಡ್. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಕಾಯುವ ಕೊಳವೆಗಳು ಸಾವಿರಾರು. ಅವುಗಳಲ್ಲೂ ಇದೇ ರೀತಿ ಹಕ್ಕಳೆ ಕಟ್ಟುತ್ತದೆ. ಸೋಲಾಪುರ ಜಿಲ್ಲೆ ಮಹಾರಾಷ್ಟ್ರದಲ್ಲಿ ಸಕ್ಕರೆ ಕಾರ್ಖಾನೆಗಳು ಬಹಳ ಇರುವ ಜಿಲ್ಲೆಗಳಲ್ಲಿ ಒಂದು. ಅಕ್ಕಲಕೋಟೆ, ಜತ್ತ ಕಡೆಯ ನಿಮ್ಮಲ್ಲಿ ಬಹಳಷ್ಟು ಜನರ ಮನೆಯ ಕಬ್ಬು ಅಲ್ಲಿಗೇ ಹೋಗುತ್ತದೆ. ಅಣ್ಣನೋ ಕಾಕಾನೋ ಅಲ್ಲಿ ಕೆಲಸಕ್ಕೂ ಇರಬಹುದು. ಕಾಸರಗೋಡು, ತಾಳವಾಡಿ ಕಡೆಯವರಿಗೆ ಸಕ್ಕರೆ ಕಾರ್ಖಾನೆ ದೂರವಾದರೂ ಹಾಲಿನ ಡೈರಿ, ಐಸ್ ಫ್ಯಾಕ್ಟರಿ ಹತ್ತಿರ ಇದ್ದೇ ಇರುತ್ತವೆ. ವಿಜ್ಞಾನ ಎಲ್ಲಾ ಕಡೆ ಒಂದೇ.

ಈ ಪಾಠದಲ್ಲಿ ಮೂರು ಪ್ರಶ್ನೆ ಕೇಳೋಣ. ಇಷ್ಟು ತೆಳುವಾದ ಪದರಿನಿಂದ ನಷ್ಟ ಎಷ್ಟು? ಅದನ್ನು ತೆಗೆಯುವುದು ಹೇಗೆ? ತೆಗೆಯಲು ಒಳಗೆ ಇಳಿಯುವ ಮನುಷ್ಯ ಸುರಕ್ಷಿತವಾಗಿ ಹೊರಗೆ ಬರಬೇಕಾದರೆ ಏನು ಮಾಡಬೇಕು?

ಉಷ್ಣ ವಿನಿಮಯಕ ಅಂದರೇನು?

ಒಂದು ದ್ರವದ ಅಥವಾ ಅನಿಲದ ಉಷ್ಣವನ್ನು, ಎರಡೂ ಒಂದಕ್ಕೊಂದು ಬೆರೆಯದ ಹಾಗೆ, ಮತ್ತೊಂದಕ್ಕೆ ದಾಟಿಸುವ ಸಾಧನಕ್ಕೆ ಉಷ್ಣ ವಿನಿಮಯಕ ಎನ್ನುತ್ತಾರೆ. ನಡುವೆ ಒಂದು ಲೋಹದ ಗೋಡೆ ಇರುತ್ತದೆ, ಉಷ್ಣ ಆ ಗೋಡೆಯನ್ನು ದಾಟಿ ಹೋಗುತ್ತದೆ. ಲಾರಿಯ ರೇಡಿಯೇಟರ್ ಇಂಥದ್ದೇ. ಒಳಗೆ ಬಿಸಿ ನೀರು, ಹೊರಗೆ ಗಾಳಿ.

ಸಕ್ಕರೆ ಕಾರ್ಖಾನೆಯಲ್ಲಿ ರಸವನ್ನು ಇಂಗಿಸುವ ದೊಡ್ಡ ಪಾತ್ರೆಗೆ 'ಬಾಡಿ' ಅಂತಾರೆ. ಅದರ ಕೆಳಭಾಗದಲ್ಲಿ ಒಂದು ಮೇಲೆ, ಒಂದು ಕೆಳಗೆ, ಎರಡು ದಪ್ಪ ಲೋಹದ ತಟ್ಟೆಗಳು. ಆ ತಟ್ಟೆಗಳ ತೂತುಗಳಲ್ಲಿ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ಬಿಗಿ ಮಾಡಿರುತ್ತಾರೆ. ಕೊಳವೆಯ ಒಳಗೆ ರಸ ಕುದಿಯುತ್ತದೆ, ಹೊರಗೆ ಹಬೆ ಸುತ್ತಿಕೊಂಡಿರುತ್ತದೆ. ಹಬೆ ತನ್ನ ಗುಪ್ತೋಷ್ಣವನ್ನು ಕೊಳವೆಗೆ ಕೊಟ್ಟು ನೀರಾಗಿ ಕೆಳಗೆ ಇಳಿಯುತ್ತದೆ. ಕೊಳವೆಗಳು ಮೊದಲು ಹಿತ್ತಾಳೆಯವು ಇರುತ್ತಿದ್ದವು, ಈಗ ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲಿನವು.

ಕೊಳವೆ ಎಷ್ಟು ಬೇಕು? ಒಂದು ಕೊಳವೆ 2 ಮೀಟರ್ ಉದ್ದ, 45 ಮಿ.ಮೀ. ವ್ಯಾಸ ಅನ್ನಿ. ಅದರ ಮೇಲ್ಮೈ = 3.14 × 0.045 × 2 = ಸುಮಾರು 0.283 ಚದರ ಮೀಟರ್. ಒಂದು ಬಾಡಿಗೆ 1000 ಚದರ ಮೀಟರ್ ಮೇಲ್ಮೈ ಬೇಕಿದ್ದರೆ 1000 ÷ 0.283 = ಸುಮಾರು 3500 ಕೊಳವೆ. ಮುಂದೆ ಬ್ರಷ್ ಹಾಕುವ ಕೆಲಸಗಾರನ ಬಗ್ಗೆ ಓದುವಾಗ ಈ ಸಂಖ್ಯೆ ನೆನಪಿರಲಿ.

ರಸದಲ್ಲಿ ನೀರೆಷ್ಟು?

ಶುದ್ಧ ಮಾಡಿದ ರಸದಲ್ಲಿ 100 ಕಿಲೋಗೆ ಸುಮಾರು 15 ಕಿಲೋ ಕರಗಿದ ಪದಾರ್ಥ ಇರುತ್ತದೆ. ಇದನ್ನು 15 ಬ್ರಿಕ್ಸ್ ಅಂತಾರೆ. ಬಾಡಿಗಳನ್ನು ದಾಟಿ ಹೊರಗೆ ಬರುವ ಪಾಕ ಸುಮಾರು 60 ಬ್ರಿಕ್ಸ್ ಇರಬೇಕು. ಕರಗಿದ ಪದಾರ್ಥ ಎಲ್ಲೂ ಹೋಗುವುದಿಲ್ಲ, ಅದು 15 ಕಿಲೋನೇ. ಹಾಗಾದರೆ 60 ಬ್ರಿಕ್ಸ್ ಪಾಕದ ತೂಕ 15 ÷ 0.60 = 25 ಕಿಲೋ. ಅಂದರೆ 100 ಕಿಲೋ ರಸದಿಂದ 75 ಕಿಲೋ ನೀರನ್ನು ಆವಿ ಮಾಡಬೇಕು!

ಒಂದು ಕಿಲೋ ನೀರು 100 ಡಿಗ್ರಿಯಲ್ಲಿ ಆವಿಯಾಗಲು ಸುಮಾರು 2260 ಕಿಲೋಜೂಲ್ ಬೇಕು. 75 ಕಿಲೋಗೆ 1,69,500 ಕಿಲೋಜೂಲ್. ದಿನಕ್ಕೆ 5000 ಟನ್ ಕಬ್ಬು ಅರೆಯುವ ಕಾರ್ಖಾನೆಯಲ್ಲಿ ರಸದ ತೂಕವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಯಾಕಂದರೆ ಅರೆಯುವಾಗ ಮೇಲಿನಿಂದ ನೀರು ಹಾಕುತ್ತಾರೆ. ಆಗ ದಿನಕ್ಕೆ ಆವಿ ಮಾಡಬೇಕಾದ ನೀರು ಸುಮಾರು 3750 ಟನ್. ಇಷ್ಟಕ್ಕೆ ಉರುವಲು ಎಲ್ಲಿಂದ ತರಬೇಕು?

ಒಂದೇ ಹಬೆಯಿಂದ ನಾಲ್ಕು ಸಲ ಕೆಲಸ

ಈ ತೊಂದರೆಗೆ ದಾರಿ ತೋರಿಸಿದವರು ನಾರ್ಬರ್ಟ್ ರಿಲ್ಯೂ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ 1806ರಲ್ಲಿ ಹುಟ್ಟಿದವರು. ತಾಯಿ ಆಫ್ರಿಕನ್ ಮೂಲದ ಸ್ವತಂತ್ರ ಮಹಿಳೆ, ತಂದೆ ಫ್ರೆಂಚ್ ಮೂಲದವರು. ರಿಲ್ಯೂ ಪ್ಯಾರಿಸ್‌ನಲ್ಲಿ ಇಂಜಿನಿಯರಿಂಗ್ ಕಲಿತು ಅಲ್ಲೇ ಕಲಿಸಿದರು. ಆಗ ಅವರ ಊರಿನ ಕಡೆ ಕಬ್ಬಿನ ರಸವನ್ನು ತೆರೆದ ಕೊಪ್ಪರಿಗೆಗಳಲ್ಲಿ ಸಾಲಾಗಿ ಕುದಿಸುತ್ತಿದ್ದರು. ಕುದಿಯುವ ರಸವನ್ನು ಒಂದರಿಂದ ಒಂದಕ್ಕೆ ಉದ್ದ ಸೌಟಿನಿಂದ ತೋಡಿ ಹಾಕುವ ಕೆಲಸ ಗುಲಾಮರದು. ಸುಟ್ಟುಕೊಳ್ಳುವುದೂ ಅವರೇ. 1843ರಲ್ಲಿ ರಿಲ್ಯೂ ತಮ್ಮ ಯಂತ್ರಕ್ಕೆ ಪೇಟೆಂಟ್ ಪಡೆದರು.

ಅವರ ವಿಚಾರ ಸರಳ. ಮೊದಲನೇ ಬಾಡಿಯಲ್ಲಿ ರಸ ಕುದಿದು ಬಂದ ಆವಿಯನ್ನು ಗಾಳಿಗೆ ಬಿಡಬಾರದು, ಎರಡನೇ ಬಾಡಿಯ ಕೊಳವೆಗಳನ್ನು ಕಾಯಿಸಲು ಕೊಡಬೇಕು. ಎರಡನೆಯದರ ಆವಿ ಮೂರನೆಯದಕ್ಕೆ, ಮೂರನೆಯದರದ್ದು ನಾಲ್ಕನೆಯದಕ್ಕೆ. ಆದರೆ ಆವಿಗಿಂತ ರಸ ತಂಪಾಗಿದ್ದರೆ ಮಾತ್ರ ಉಷ್ಣ ಹರಿಯುತ್ತದೆ ಅಲ್ವಾ? ಅದಕ್ಕೇ ಮುಂದಿನ ಬಾಡಿಗಳಲ್ಲಿ ಒತ್ತಡ ಕಡಿಮೆ ಮಾಡುತ್ತಾ ಹೋಗುತ್ತಾರೆ. ಒತ್ತಡ ಇಳಿದರೆ ಕುದಿಬಿಂದು ಇಳಿಯುತ್ತದೆ. ಕೊನೆಯ ಬಾಡಿಯಲ್ಲಿ ನಿರ್ವಾತದ ಕಾರಣ ರಸ 55 ರಿಂದ 60 ಡಿಗ್ರಿಗೇ ಕುದಿಯುತ್ತದೆ.

ಹೀಗೆ ನಾಲ್ಕು ಬಾಡಿ ಇದ್ದರೆ 1 ಕಿಲೋ ಹಬೆಯಿಂದ ಸುಮಾರು 4 ಕಿಲೋ ನೀರು ಆವಿಯಾಗುತ್ತದೆ. 75 ಕಿಲೋ ನೀರಿಗೆ ಸುಮಾರು 19 ಕಿಲೋ ಹಬೆ ಸಾಕು. ಅದಕ್ಕೆ ಕಬ್ಬಿನ ಸಿಪ್ಪೆ, ಅಂದರೆ ಬಗಾಸ್, ಉರುವಲಾಗಿ ಸಾಲುತ್ತದೆ. ಉಳಿದ ಬಗಾಸಿನಿಂದ ಎಷ್ಟೋ ಕಾರ್ಖಾನೆಗಳು ಕರೆಂಟ್ ಮಾಡಿ ಮಾರುತ್ತವೆ. ಆದರೆ ಈ ಲೆಕ್ಕಕ್ಕೆಲ್ಲಾ ಒಂದು ಷರತ್ತು ಇದೆ. ಬಾಡಿಯಿಂದ ಬಾಡಿಗೆ ತಾಪದ ವ್ಯತ್ಯಾಸ ಕೆಲವೇ ಡಿಗ್ರಿ. ಅಷ್ಟರಲ್ಲೇ ಉಷ್ಣ ದಾಟಬೇಕಾದರೆ ಕೊಳವೆ ಸ್ವಚ್ಛ ಇರಬೇಕು.

ಹಕ್ಕಳೆ ಕೊಳವೆಯ ಮೇಲೇ ಯಾಕೆ ಕಟ್ಟುತ್ತದೆ?

ರಸವನ್ನು ತಿಳಿ ಮಾಡಲು ಸುಣ್ಣದ ಹಾಲು ಮತ್ತು ಗಂಧಕದ ಡೈಆಕ್ಸೈಡ್ ಹಾಕುತ್ತಾರೆ. ಕೊಳೆ ಗಸಿಯಾಗಿ ಕೆಳಗೆ ಕೂರುತ್ತದೆ. ಆದರೆ ಸ್ವಲ್ಪ ಕ್ಯಾಲ್ಸಿಯಂ ಕರಗಿದ ರೂಪದಲ್ಲೇ ಉಳಿಯುತ್ತದೆ. ಕಬ್ಬಿನಲ್ಲೇ ಇರುವ ಫಾಸ್ಫೇಟ್, ಆಕ್ಸಲೇಟ್, ಸಿಲಿಕಾ ಕೂಡ ಅಷ್ಟಿಷ್ಟು ಇರುತ್ತವೆ. ಕಬ್ಬಿನ ಜೊತೆ ರವದಿ, ಮಣ್ಣು ಹೆಚ್ಚು ಬಂದರೆ ಸಿಲಿಕಾ ಹೆಚ್ಚುತ್ತದೆ. ಹೊಲದಲ್ಲಿ ಕಬ್ಬನ್ನು ಚೊಕ್ಕ ಸವರಿ ಕಳಿಸುವುದಕ್ಕೂ ಕಾರ್ಖಾನೆಯ ಕೊಳವೆಗೂ ಸಂಬಂಧ ಇದೆ ನೋಡ್ರಿ.

ಇವು ಹಕ್ಕಳೆ ಆಗುವುದಕ್ಕೆ ಎರಡು ಕಾರಣ.

ಒಂದು, ನೀರು ಹೋದಂತೆ ಉಳಿದ ರಸದಲ್ಲಿ ಲವಣಗಳ ಸಾಂದ್ರತೆ ಏರುತ್ತದೆ. 100 ಕಿಲೋದಲ್ಲಿ ಇದ್ದದ್ದು 25 ಕಿಲೋಗೆ ಬಂದರೆ ಸಾಂದ್ರತೆ ನಾಲ್ಕು ಪಟ್ಟು. ಕರಗುವ ಮಿತಿ ದಾಟಿದ್ದು ಹರಳಾಗಿ ಹೊರಗೆ ಬರುತ್ತದೆ.

ಎರಡನೆಯದು ಸ್ವಲ್ಪ ವಿಚಿತ್ರ. ಸಕ್ಕರೆಯನ್ನು ಬಿಸಿ ನೀರಿಗೆ ಹಾಕಿದರೆ ಹೆಚ್ಚು ಕರಗುತ್ತದೆ, ನಿಮಗೆ ಗೊತ್ತು. ಕ್ಯಾಲ್ಸಿಯಂ ಸಲ್ಫೇಟ್ ಹಾಗಲ್ಲ. ಸುಮಾರು 40 ಡಿಗ್ರಿ ದಾಟಿದ ಮೇಲೆ ಬಿಸಿ ಹೆಚ್ಚಾದಷ್ಟೂ ಅದು ಕಡಿಮೆ ಕರಗುತ್ತದೆ. ಬಾಡಿಯಲ್ಲಿ ರಸಕ್ಕೆ ತಗಲುವ ಅತಿ ಬಿಸಿಯಾದ ಜಾಗ ಯಾವುದು? ಕೊಳವೆಯ ಗೋಡೆ. ಅದಕ್ಕೇ ಅದು ಸರಿಯಾಗಿ ಗೋಡೆಯ ಮೇಲೇ ಅಂಟುತ್ತದೆ.

ಮೊದಲ ಬಾಡಿಗಳಲ್ಲಿ ಫಾಸ್ಫೇಟ್ ಮತ್ತು ಸಾವಯವ ಕೊಳೆ ಹೆಚ್ಚು, ಕೊನೆಯ ಬಾಡಿಯಲ್ಲಿ ಸಿಲಿಕಾ, ಸಲ್ಫೇಟ್, ಆಕ್ಸಲೇಟ್ ಹೆಚ್ಚು. ಹಾಗಾಗಿ ಎಲ್ಲಾ ಬಾಡಿಗೂ ಒಂದೇ ಔಷಧಿ ನಡೆಯೋದಿಲ್ಲ.

ತೆಳು ಪದರು, ದೊಡ್ಡ ನಷ್ಟ

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಪೆನ್ನು ತಗೊಳ್ಳಿ.

ವಿದ್ಯುತ್ತಿಗೆ ರೋಧ ಇದ್ದ ಹಾಗೆ ಉಷ್ಣಕ್ಕೂ ರೋಧ ಇದೆ. ಒಂದು ಚದರ ಮೀಟರ್ ಗೋಡೆಯ ಉಷ್ಣ ರೋಧ = ದಪ್ಪ ÷ ಉಷ್ಣವಾಹಕತೆ. ಒಂದರ ಹಿಂದೆ ಒಂದು ಪದರು ಇದ್ದರೆ ರೋಧಗಳನ್ನು ಕೂಡಿಸಬೇಕು. ಸರಣಿ ಜೋಡಣೆಯ ನಿಯಮವೇ ಇದು.

ಉಷ್ಣವಾಹಕತೆ, ಅಂದಾಜಿನಲ್ಲಿ (ವ್ಯಾಟ್ ಪ್ರತಿ ಮೀಟರ್, ಪ್ರತಿ ಡಿಗ್ರಿ):
ತಾಮ್ರ – 400
ಹಿತ್ತಾಳೆ – 110
ಸಾದಾ ಉಕ್ಕು – 50
ಸ್ಟೇನ್‌ಲೆಸ್ ಸ್ಟೀಲ್ – 16
ಹಕ್ಕಳೆ – 1 (ಅದರಲ್ಲಿ ಏನಿದೆ ಅನ್ನುವುದರ ಮೇಲೆ ಸ್ವಲ್ಪ ಹೆಚ್ಚು ಕಡಿಮೆ)

1.2 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಕೊಳವೆಯ ರೋಧ = 0.0012 ÷ 16 = 0.000075.
1 ಮಿ.ಮೀ. ಹಕ್ಕಳೆಯ ರೋಧ = 0.001 ÷ 1 = 0.001.

ಎರಡನೆಯದು ಮೊದಲನೆಯದಕ್ಕಿಂತ 13 ಪಟ್ಟು. ಬೇರೆ ರೀತಿ ಹೇಳಬೇಕೆಂದರೆ, 1 ಮಿ.ಮೀ. ಹಕ್ಕಳೆ ಕಟ್ಟಿದರೆ ಅಲ್ಲಿ 16 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ತಗಡು ಅಡ್ಡ ಇಟ್ಟ ಹಾಗೆ. ಕೊಳವೆ ತಾಮ್ರದ್ದೇ ಮಾಡಿಸಿದರೂ ಒಳಗೆ ಹಕ್ಕಳೆ ಇದ್ದರೆ ಉಪಯೋಗ ಕಡಿಮೆ.

ಬಾಡಿಯಲ್ಲಿ ಲೋಹದ ರೋಧದ ಜೊತೆ, ಗೋಡೆಗೆ ಅಂಟಿಕೊಂಡ ತೆಳು ರಸದ ಪದರಿನ ರೋಧ, ಹೊರಗಿನ ನೀರಿನ ಪದರಿನ ರೋಧವೂ ಇರುತ್ತವೆ. ಸ್ವಚ್ಛ ಕೊಳವೆಗೆ ಎಲ್ಲಾ ಸೇರಿ 0.0005 ಅಂತ ಹಿಡಿಯೋಣ. ಇದರ ವ್ಯುತ್ಕ್ರಮ 2000. ಅಂದರೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿನಿಂದ 2000 ವ್ಯಾಟ್ ಉಷ್ಣ ದಾಟುತ್ತದೆ. ಈಗ ಹಕ್ಕಳೆ ಸೇರಿಸುತ್ತಾ ಹೋಗಿ.

ಹಕ್ಕಳೆ ಇಲ್ಲ: 1 ÷ 0.0005 = 2000
0.25 ಮಿ.ಮೀ.: 1 ÷ 0.00075 = 1333
0.5 ಮಿ.ಮೀ.: 1 ÷ 0.001 = 1000
1 ಮಿ.ಮೀ.: 1 ÷ 0.0015 = 667

ಅರ್ಧ ಮಿಲಿಮೀಟರಿಗೇ ಉಷ್ಣ ದಾಟುವ ಪ್ರಮಾಣ ಅರ್ಧಕ್ಕೆ ಇಳಿಯಿತು! ಇನ್ನೊಂದು ವಿಷಯ ಗಮನಿಸಿ. ಮೊದಲ ಕಾಲು ಮಿಲಿಮೀಟರ್ 667ರಷ್ಟು ಕಡಿತ ಮಾಡಿತು, ಎರಡನೇ ಕಾಲು 333 ಮಾತ್ರ. ಅಂದರೆ ಮೊದಲು ಕಟ್ಟುವ ತೆಳು ಪದರಿನದೇ ಹೆಚ್ಚು ನಷ್ಟ. 'ಇನ್ನೂ ಸ್ವಲ್ಪ ಕಟ್ಟಲಿ, ಆಮೇಲೆ ತೊಳೆದರಾಯ್ತು' ಅನ್ನುವ ಮಾತಿಗೆ ಈ ಲೆಕ್ಕವೇ ಉತ್ತರ.

ನಷ್ಟ ತುಂಬಿಸಲು ಹಬೆಯ ಬಿಸಿ ಏರಿಸಿದರೆ ಆಗೋದಿಲ್ವಾ? ಸ್ವಲ್ಪ ಮಟ್ಟಿಗೆ ಏರಿಸುತ್ತಾರೆ. ಆದರೆ ಅದಕ್ಕೆ ಹೆಚ್ಚು ಉರುವಲು ಬೇಕು. ಜೊತೆಗೆ ಅತಿ ಬಿಸಿಗೆ ಸಕ್ಕರೆ ಒಡೆದು ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ, ರಸದ ಬಣ್ಣವೂ ಕೆಡುತ್ತದೆ. ಒಡೆದ ಸಕ್ಕರೆ ಮತ್ತೆ ಹರಳಾಗಿ ಚೀಲಕ್ಕೆ ಬರೋದಿಲ್ಲ.

ಕೊಳವೆ ಕೊಳೆಯಾಗಿದೆ ಅಂತ ಗೊತ್ತಾಗೋದು ಹೇಗೆ?

ಬಾಡಿ ಮುಚ್ಚಿದ ಪಾತ್ರೆ, ಒಳಗೆ ಇಣುಕಲಾಗದು. ಆದರೂ ಡ್ಯೂಟಿಯಲ್ಲಿದ್ದವರಿಗೆ ಗೊತ್ತಾಗುತ್ತದೆ. ಹೊರಗೆ ಬರುವ ಪಾಕದ ಬ್ರಿಕ್ಸ್ 60ರಿಂದ ಕೆಳಗೆ ಇಳಿಯತೊಡಗುತ್ತದೆ. ಅದೇ ಕೆಲಸಕ್ಕೆ ಹಬೆಯ ಒತ್ತಡ ದಿನದಿನಕ್ಕೆ ಹೆಚ್ಚು ಬೇಕಾಗುತ್ತದೆ. ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆದಿಟ್ಟ ತಾಪ ಮತ್ತು ಒತ್ತಡಗಳನ್ನು ಹಿಂದಿನ ವಾರದ ಜೊತೆ ಹೋಲಿಸಿದರೆ ಹಕ್ಕಳೆಯ ಕಥೆ ಅಲ್ಲೇ ಇದೆ. ಪ್ರಯೋಗದ ದಾಖಲೆ ಸರಿಯಾಗಿ ಬರೆಯಿರಿ ಅಂತ ನಿಮ್ಮ ಸರ್, ಬಾಯಿ ಪದೇ ಪದೇ ಹೇಳೋದು ಇದಕ್ಕೇ.

ಕಬ್ಬು ಅರೆಯುವ ಹಂಗಾಮಿನಲ್ಲಿ ಕೆಲವು ವಾರಗಳಿಗೊಮ್ಮೆ ಬಾಡಿಗಳನ್ನು ತೊಳೆಯುತ್ತಾರೆ. ಹೆಚ್ಚಿನ ಬಾಡಿ ಇದ್ದ ಕಾರ್ಖಾನೆಯಲ್ಲಿ ಒಂದನ್ನು ತೊಳೆಯುವಾಗ ಉಳಿದವು ನಡೆಯುತ್ತವೆ. ಇಲ್ಲದಿದ್ದರೆ ಅರೆಯುವುದನ್ನೇ ನಿಲ್ಲಿಸಬೇಕು. ಆಗ ಗೇಟಿನ ಹೊರಗೆ ಕಬ್ಬಿನ ಗಾಡಿ, ಟ್ರ್ಯಾಕ್ಟರು ಕಾಯುತ್ತಾ ನಿಲ್ಲುತ್ತವೆ. ಕಡಿದ ಕಬ್ಬು ಒಣಗಿದಷ್ಟೂ ತೂಕ ಕಡಿಮೆ, ರೈತನಿಗೆ ನಷ್ಟ. ಹಾಗಾಗಿ ತೊಳೆಯುವ ಕೆಲಸ ಬೇಗವೂ ಆಗಬೇಕು, ಸರಿಯಾಗಿಯೂ ಆಗಬೇಕು.

ರಸಾಯನದಿಂದ ತೊಳೆಯುವುದು

ಮೊದಲು ಬಾಡಿಯ ರಸವನ್ನು ಖಾಲಿ ಮಾಡಿ ನೀರಿನಿಂದ ತೊಳೆಯುತ್ತಾರೆ. ನಂತರ ಕಾಸ್ಟಿಕ್ ಸೋಡಾ ದ್ರಾವಣ ತುಂಬಿ ಕೆಲವು ಗಂಟೆ ಕುದಿಸುತ್ತಾರೆ. ಸಾವಯವ ಕೊಳೆ ಸಡಿಲಾಗುತ್ತದೆ. ಸಿಲಿಕಾ ಹೀಗೆ ಕರಗುತ್ತದೆ:

ಸಿಲಿಕಾ + ಸೋಡಿಯಂ ಹೈಡ್ರಾಕ್ಸೈಡ್ → ಸೋಡಿಯಂ ಸಿಲಿಕೇಟ್ + ನೀರು

ಸೋಡಿಯಂ ಸಿಲಿಕೇಟ್ ನೀರಿನಲ್ಲಿ ಕರಗುವುದರಿಂದ ಹೊರಗೆ ಹೋಗುತ್ತದೆ. ಆದರೆ ಕ್ಯಾಲ್ಸಿಯಂ ಸಲ್ಫೇಟ್? ಅದು ಕಾಸ್ಟಿಕ್‌ಗೂ ಸುಲಭವಾಗಿ ಬಗ್ಗುವುದಿಲ್ಲ, ದುರ್ಬಲ ಆಮ್ಲಕ್ಕೂ ಬಗ್ಗುವುದಿಲ್ಲ. ಇಲ್ಲಿ ಒಂದು ಜಾಣತನ ಇದೆ. ಕಾಸ್ಟಿಕ್ ಜೊತೆ ವಾಷಿಂಗ್ ಸೋಡಾ ಸೇರಿಸುತ್ತಾರೆ.

ಕ್ಯಾಲ್ಸಿಯಂ ಸಲ್ಫೇಟ್ + ಸೋಡಿಯಂ ಕಾರ್ಬೊನೇಟ್ → ಕ್ಯಾಲ್ಸಿಯಂ ಕಾರ್ಬೊನೇಟ್ + ಸೋಡಿಯಂ ಸಲ್ಫೇಟ್

ಕರಗದ ವಸ್ತುವನ್ನು ಆಮ್ಲದಲ್ಲಿ ಕರಗುವ ವಸ್ತುವಾಗಿ ಮೊದಲು ಬದಲಾಯಿಸಿದೆವು. ಈಗ ಕಾಸ್ಟಿಕ್ಕನ್ನು ಪೂರ್ತಿ ಹೊರಗೆ ಹಾಕಿ, ನೀರಿನಿಂದ ತೊಳೆದು, ಆಮೇಲೆ ದುರ್ಬಲ ಆಮ್ಲ ಹಾಕುತ್ತಾರೆ.

ಕ್ಯಾಲ್ಸಿಯಂ ಕಾರ್ಬೊನೇಟ್ + ಹೈಡ್ರೋಕ್ಲೋರಿಕ್ ಆಮ್ಲ → ಕ್ಯಾಲ್ಸಿಯಂ ಕ್ಲೋರೈಡ್ + ನೀರು + ಕಾರ್ಬನ್ ಡೈಆಕ್ಸೈಡ್

ನಡುವೆ ನೀರಿನಿಂದ ತೊಳೆಯದಿದ್ದರೆ ಏನಾಗುತ್ತದೆ? ಉಳಿದ ಕಾಸ್ಟಿಕ್ ಮತ್ತು ಆಮ್ಲ ಒಂದನ್ನೊಂದು ತಟಸ್ಥ ಮಾಡುತ್ತವೆ. ಆಮ್ಲ ದಂಡ, ಜೊತೆಗೆ ಉಷ್ಣ ಹುಟ್ಟಿ ಸಿಡಿಯುವ ಅಪಾಯ.

ಆಮ್ಲ ಹಕ್ಕಳೆಯನ್ನು ತಿಂದು ಮುಗಿಸಿದ ಮೇಲೆ ಸುಮ್ಮನೆ ಕೂರುವುದಿಲ್ಲ, ಲೋಹವನ್ನೂ ತಿನ್ನತೊಡಗುತ್ತದೆ.

ಕಬ್ಬಿಣ + ಹೈಡ್ರೋಕ್ಲೋರಿಕ್ ಆಮ್ಲ → ಫೆರಸ್ ಕ್ಲೋರೈಡ್ + ಹೈಡ್ರೋಜನ್

ಇದನ್ನು ತಡೆಯಲು ಆಮ್ಲದಲ್ಲಿ 'ಇನ್‌ಹಿಬಿಟರ್' ಬೆರೆಸುತ್ತಾರೆ. ಇವು ಸಾವಯವ ರಾಸಾಯನಿಕಗಳು. ಲೋಹದ ಮೇಲೆ ಅತಿ ತೆಳುವಾಗಿ ಹರಡಿಕೊಂಡು ಆಮ್ಲಕ್ಕೆ ಅಡ್ಡ ನಿಲ್ಲುತ್ತವೆ. ಸ್ಟೇನ್‌ಲೆಸ್ ಸ್ಟೀಲಿಗೆ ಇನ್ನೊಂದು ವೈರಿ ಇದೆ: ಕ್ಲೋರೈಡ್. ಅದು ಸ್ಟೇನ್‌ಲೆಸ್‌ನ ರಕ್ಷಣಾ ಪದರನ್ನು ಅಲ್ಲಲ್ಲಿ ಒಡೆದು ಸೂಜಿಮೊನೆಯಂಥ ತೂತು ಮಾಡುತ್ತದೆ. ಆದ್ದರಿಂದ ಅಂಥ ಕೊಳವೆಗಳಿಗೆ ಹೈಡ್ರೋಕ್ಲೋರಿಕ್ ಬದಲು ಸಲ್ಫಾಮಿಕ್ ಆಮ್ಲ ಒಳ್ಳೆಯದು. ಅದರ ಕ್ಯಾಲ್ಸಿಯಂ ಲವಣವೂ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ.

ಬಳಸಿದ ಕಾಸ್ಟಿಕ್ ಮತ್ತು ಆಮ್ಲವನ್ನು ಹಳ್ಳಕ್ಕೆ ಬಿಡಬಾರದು. ಮೀನು ಸಾಯುತ್ತವೆ, ದನ ಕುಡಿಯುವ ನೀರು ಕೆಡುತ್ತದೆ. ಕಾಸ್ಟಿಕ್ಕನ್ನು ತೊಟ್ಟಿಯಲ್ಲಿ ಹಿಡಿದಿಟ್ಟು ಮತ್ತೆ ಬಳಸಬಹುದು. ಉಳಿದದ್ದನ್ನು ತಟಸ್ಥ ಮಾಡಿ, ಪಿಎಚ್ ನೋಡಿ, ಶುದ್ಧೀಕರಣ ಘಟಕಕ್ಕೆ ಕಳಿಸಬೇಕು.

ಹಾಲಿನ ಡೈರಿಯಲ್ಲೂ ಇದೇ ಜೋಡಿ. ಕೊಬ್ಬು, ಪ್ರೋಟೀನ್ ತೆಗೆಯಲು ಕಾಸ್ಟಿಕ್. ಹಾಲಿನ ಖನಿಜದ ಗಟ್ಟಿ ಪದರಿಗೆ ಆಮ್ಲ.

ಬ್ರಷ್ ಮತ್ತು ನೀರಿನ ಬಾಣ

ಕುದಿಸಿದ ಮೇಲೆ ಮೆತ್ತಗಾಗಿ ಉಳಿದ ಹಕ್ಕಳೆಯನ್ನು ಬ್ರಷ್‌ನಿಂದ ತೆಗೆಯುತ್ತಾರೆ. ಮೋಟಾರಿಗೆ ಬಗ್ಗುವ ಉದ್ದ ಶಾಫ್ಟ್, ಅದರ ತುದಿಗೆ ತಂತಿಯ ಬ್ರಷ್ ಅಥವಾ ಹಲ್ಲಿನ ಕಟ್ಟರ್. ಕೆಲಸಗಾರ ಬಾಡಿಯೊಳಗೆ ಇಳಿದು, ಮೇಲಿನ ತಟ್ಟೆಯ ಮೇಲೆ ನಿಂತು, ಒಂದೊಂದೇ ಕೊಳವೆಗೆ ಇಳಿಸಿ ಎತ್ತಬೇಕು. ಒಂದು ಬಾಡಿಗೆ 3500 ಕೊಳವೆ ಅಂತ ಮೊದಲು ಲೆಕ್ಕ ಮಾಡಿದೆವಲ್ಲಾ? ಒಂದಕ್ಕೆ ಒಂದೇ ನಿಮಿಷ ಹಿಡಿದರೂ 58 ಗಂಟೆಯ ಕೆಲಸ! ಅದಕ್ಕೇ ಹಲವರು ಸೇರಿ, ಪಾಳಿಯ ಮೇಲೆ ಮಾಡುತ್ತಾರೆ.

ಇನ್ನೊಂದು ದಾರಿ ಅತಿ ಒತ್ತಡದ ನೀರು. ಪಂಪಿನಿಂದ ನೂರಾರು ಬಾರ್ ಒತ್ತಡದ ನೀರನ್ನು ಸಣ್ಣ ನಾಜಲ್ ಮೂಲಕ ಕೊಳವೆಯೊಳಗೆ ಬಿಡುತ್ತಾರೆ. 500 ಬಾರ್ ಅಂದರೆ 5 ಕೋಟಿ ಪ್ಯಾಸ್ಕಲ್. ಒತ್ತಡವೆಲ್ಲಾ ಚಲನ ಶಕ್ತಿ ಆಯಿತು ಅಂದುಕೊಂಡರೆ, ವೇಗದ ವರ್ಗ = 2 × ಒತ್ತಡ ÷ ಸಾಂದ್ರತೆ = 2 × 5,00,00,000 ÷ 1000 = 1,00,000. ವರ್ಗಮೂಲ ತೆಗೆದರೆ ಸೆಕೆಂಡಿಗೆ ಸುಮಾರು 316 ಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸುಮಾರು 340 ಮೀಟರ್. ನೀರೇ ಅಲ್ವಾ ಅಂತ ಕೈ ಅಡ್ಡ ಹಿಡಿದರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗಿನ ಗಾಯ ಸಣ್ಣದು ಕಂಡರೂ ಒಳಗೆ ದೊಡ್ಡ ಗಾಯ ಇರುತ್ತದೆ. ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು.

ತೊಳೆದ ಮೇಲೆ ಪರೀಕ್ಷೆ

ಎಲ್ಲಾ ಮುಗಿದ ಮೇಲೆ ಕೊಳವೆಗಳ ಹೊರಭಾಗದಲ್ಲಿ, ಅಂದರೆ ಹಬೆ ಇರುವ ಜಾಗದಲ್ಲಿ, ಒತ್ತಡದಲ್ಲಿ ನೀರು ತುಂಬಿಸುತ್ತಾರೆ. ಯಾವ ಕೊಳವೆಯ ಒಳಗಿನಿಂದ ನೀರು ತೊಟ್ಟಿಕ್ಕುತ್ತದೋ ಅದು ತೂತಾಗಿದೆ. ಅದರ ಎರಡೂ ತುದಿಗೆ ಬೆಣೆ ಬಡಿದು ಮುಚ್ಚುತ್ತಾರೆ, ಹಂಗಾಮು ಮುಗಿದ ಮೇಲೆ ಹೊಸ ಕೊಳವೆ ಹಾಕುತ್ತಾರೆ.

ಬಾಡಿ ನಡೆಯುವಾಗಲೂ ಒಂದು ಪರೀಕ್ಷೆ ಇದೆ. ಹಬೆ ತಣಿದು ಬಂದ ನೀರು ಬಾಯ್ಲರ್‌ಗೆ ವಾಪಸ್ ಹೋಗುತ್ತದೆ. ಅದರಲ್ಲಿ ಸಕ್ಕರೆ ಸೇರಿದರೆ ಬಾಯ್ಲರ್‌ನಲ್ಲಿ ಸುಟ್ಟು ಆಮ್ಲವಾಗುತ್ತದೆ, ಬಾಯ್ಲರ್ ಹಾಳು. ಕೊಳವೆ ತೂತಾದರೂ, ಆವಿಯ ಜೊತೆ ರಸದ ಹನಿ ಹಾರಿ ಬಂದರೂ ಸಕ್ಕರೆ ಸೇರಬಹುದು. ಲ್ಯಾಬಿನವರು ಆ ನೀರಿಗೆ ಆಲ್ಫಾ ನ್ಯಾಫ್ಥಾಲ್ ಹಾಕಿ, ಪ್ರನಾಳದ ಬದಿಯಿಂದ ಪ್ರಬಲ ಗಂಧಕಾಮ್ಲ ಇಳಿಸುತ್ತಾರೆ. ನಡುವೆ ನೇರಳೆ ಉಂಗುರ ಕಂಡರೆ ಸಕ್ಕರೆ ಇದೆ.

ಒಳಗೆ ಇಳಿಯುವ ಮನುಷ್ಯ

ಈ ಭಾಗವನ್ನು ಎರಡು ಸಲ ಓದಿ, ಮನೆಯಲ್ಲೂ ಓದಿ ಹೇಳಿ.

ಬಾಡಿಗೆ ಇರುವುದು ಒಂದೋ ಎರಡೋ ಸಣ್ಣ ಮ್ಯಾನ್‌ಹೋಲ್. ಮೇಲಿನ ಸಮೀಕರಣಗಳನ್ನು ಮತ್ತೆ ನೋಡ್ರಿ. ಒಂದರಲ್ಲಿ ಕಾರ್ಬನ್ ಡೈಆಕ್ಸೈಡ್ ಬಂದಿದೆ, ಇನ್ನೊಂದರಲ್ಲಿ ಹೈಡ್ರೋಜನ್. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಹೈಡ್ರೋಜನ್ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಗಾಳಿಯಲ್ಲಿ ಆಮ್ಲಜನಕ ಸುಮಾರು 20.9 ಶೇಕಡಾ ಇರುತ್ತದೆ, 19.5ಕ್ಕಿಂತ ಕಡಿಮೆಯಾದರೆ ಆ ಜಾಗ ಇಳಿಯಲು ಯೋಗ್ಯವಲ್ಲ ಎಂದು ಲೆಕ್ಕ. ಇದನ್ನು ಮೂಗಿನಿಂದಾಗಲೀ ಅನುಭವದಿಂದಾಗಲೀ ಹೇಳಲು ಬರೋದಿಲ್ಲ. ಗ್ಯಾಸ್ ಮೀಟರ್ ಇಳಿಸಿ ಮೇಲೆ, ನಡುವೆ, ತಳದಲ್ಲಿ ಅಳೆಯಲೇಬೇಕು.

1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮಿನಲ್ಲೇ ಇದನ್ನು ಬರೆದಿಟ್ಟರು. ವಿಷಗಾಳಿ ಇರಬಹುದಾದ ಟ್ಯಾಂಕಿಗೆ ಯಾರನ್ನೂ ಸುಮ್ಮನೆ ಇಳಿಸುವಂತಿಲ್ಲ. ತಿಳಿದವರು ಪರೀಕ್ಷೆ ಮಾಡಿ ಲಿಖಿತವಾಗಿ ಕೊಡಬೇಕು. ಇಲ್ಲವೇ ಇಳಿಯುವವರು ಉಸಿರಾಟದ ಸಾಧನ ಹಾಕಿ, ಹಗ್ಗ ಬಿಗಿದ ಬೆಲ್ಟ್ ಕಟ್ಟಿಕೊಂಡಿರಬೇಕು; ಹಗ್ಗದ ಇನ್ನೊಂದು ತುದಿ ಹೊರಗೆ ನಿಂತವರ ಕೈಯಲ್ಲಿರಬೇಕು. ಒಳಗೆ ಒಯ್ಯುವ ಕೈದೀಪ 24 ವೋಲ್ಟ್ ಮೀರಬಾರದು ಅನ್ನುವ ನಿಯಮವನ್ನೂ ಅದೇ ಕಾಯ್ದೆಗೆ ಸೇರಿಸಿದರು. ಒದ್ದೆ ಲೋಹದ ಮೇಲೆ ನಿಂತವನಿಗೆ 230 ವೋಲ್ಟ್ ತಗಲಿದರೆ ಏನಾಗುತ್ತದೆ ಅಂತ ವಿದ್ಯುತ್ತಿನ ಪಾಠದಲ್ಲಿ ಓದಿದ್ದೀರಿ.

ಇವುಗಳ ಜೊತೆ ಇನ್ನೆರಡು ಕೆಲಸ ಆಗಲೇಬೇಕು. ಹಬೆ, ರಸ, ಆಮ್ಲದ ಎಲ್ಲಾ ವಾಲ್ವ್ ಮುಚ್ಚಿ ಬೀಗ ಹಾಕಿರಬೇಕು, ಯಾರೂ ಗೊತ್ತಿಲ್ಲದೆ ತಿರುಗಿಸಬಾರದು. ಬ್ಲೋವರ್‌ನಿಂದ ಹೊಸ ಗಾಳಿ ಒಳಗೆ ಹೋಗುತ್ತಲೇ ಇರಬೇಕು.

ಕೊನೆಯ ಮಾತು, ಎಲ್ಲಕ್ಕಿಂತ ಮುಖ್ಯ. ಒಳಗೆ ಯಾರಾದರೂ ಬಿದ್ದದ್ದು ಕಂಡರೆ ಹಿಂದೆ ಮುಂದೆ ನೋಡದೆ ಹಾರಬೇಡಿ. ಅವರನ್ನು ಬೀಳಿಸಿದ ಗಾಳಿ ನಿಮ್ಮನ್ನೂ ಬೀಳಿಸುತ್ತದೆ. ಹಳೇ ಬಾವಿ, ಗೋಬರ್ ಗ್ಯಾಸ್ ಗುಂಡಿ, ಶೌಚದ ಟ್ಯಾಂಕಿನಲ್ಲಿ ಒಬ್ಬರ ಹಿಂದೆ ಒಬ್ಬರು ಸಾಯುವುದು ಹೀಗೇ. ಕೂಗಿ ಜನ ಸೇರಿಸಿ, ಹಗ್ಗದಿಂದ ಎಳೆಯಿರಿ, ಗಾಳಿ ಬಿಡಿ, ಸಾಧನ ಇದ್ದವರು ಮಾತ್ರ ಇಳಿಯಲಿ. ಹತ್ತನೇ ಮುಗಿಸಿ ಐಟಿಐ ಕಲಿತು ನಿಮ್ಮಲ್ಲಿ ಕೆಲವರು ಇಂಥ ಕೆಲಸಕ್ಕೆ ಹೋಗುತ್ತೀರಿ. 'ಮೀಟರ್ ಹಾಕಿದ್ದೀರಾ? ಪರವಾನಗಿ ಎಲ್ಲಿ?' ಅಂತ ಕೇಳುವುದು ಹೆದರಿಕೆಯಲ್ಲ, ಅದು ನಿಮ್ಮ ಹಕ್ಕು.

ಮಾಡಿ ನೋಡಿ

ಬೇಕಾದ ವಸ್ತು: ಕರಿಹಲಗೆಯ ಸೀಮೆಸುಣ್ಣ, ವಾಷಿಂಗ್ ಸೋಡಾ, ವಿನೆಗರ್, ಮೂರು ಗಾಜಿನ ಲೋಟ. ಶಿಕ್ಷಕರ ಎದುರಿಗೇ ಮಾಡಿ, ವಾಷಿಂಗ್ ಸೋಡಾವನ್ನು ಬರಿಗೈಯಿಂದ ಮುಟ್ಟಬೇಡಿ.

1. ಸೀಮೆಸುಣ್ಣದ ಚೂರಿಗೆ ವಿನೆಗರ್ ಹಾಕಿ. ಗುಳ್ಳೆ ಬರದಿದ್ದರೆ ಅದು ಕ್ಯಾಲ್ಸಿಯಂ ಸಲ್ಫೇಟಿನದು. ನಮಗೆ ಅದೇ ಬೇಕು. ಗುಳ್ಳೆ ಬಂದರೆ ಅದು ಕಾರ್ಬೊನೇಟಿನದು. ಬದಲಿಗೆ ಗಟ್ಟಿಯಾದ ಪ್ಲಾಸ್ಟರ್ ಆಫ್ ಪ್ಯಾರಿಸ್ ಚೂರು ತಗೊಳ್ಳಿ.
2. ಇನ್ನೊಂದು ಚೂರನ್ನು ಪುಡಿ ಮಾಡಿ, ಬಿಸಿ ನೀರಿನ ವಾಷಿಂಗ್ ಸೋಡಾ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿಡಿ.
3. ಮರುದಿನ ಮೇಲಿನ ನೀರು ಬಸಿದು, ಪುಡಿಯನ್ನು ಹಲವು ಸಲ ನೀರಿನಿಂದ ತೊಳೆಯಿರಿ. ತೊಳೆದ ನೀರಿಗೆ ವಿನೆಗರ್ ಹಾಕಿದರೆ ಗುಳ್ಳೆ ಬರಬಾರದು, ಅಲ್ಲಿಯವರೆಗೂ ತೊಳೆಯಬೇಕು.
4. ಈಗ ಪುಡಿಗೆ ವಿನೆಗರ್ ಹಾಕಿ. ಬುರುಬುರು ಗುಳ್ಳೆ!

ಬಾಡಿಯೊಳಗೆ ಕಾಸ್ಟಿಕ್ ಮತ್ತು ಸೋಡಾ ಕುದಿಸಿ ಆಮೇಲೆ ಆಮ್ಲ ಹಾಕುವಾಗ ಆಗುವುದು ಇದೇ.

ಯೋಚಿಸಿ ಉತ್ತರಿಸಿ

1. ಹಕ್ಕಳೆ ತೆಗೆಯಲು ಗಂಧಕಾಮ್ಲ ಯಾಕೆ ಬಳಸುವುದಿಲ್ಲ? (ಸುಳಿವು: ಕ್ಯಾಲ್ಸಿಯಂ ಜೊತೆ ಸೇರಿ ಅದು ಏನಾಗುತ್ತದೆ?)
2. ಪ್ರಯೋಗದ 3ನೇ ಹಂತ ಬಿಟ್ಟರೆ 4ನೇ ಹಂತದ ಗುಳ್ಳೆಯನ್ನು ನಂಬಬಹುದೇ? ಯಾಕೆ?
3. ರಸ 12 ಬ್ರಿಕ್ಸ್ ಇದ್ದು, ಪಾಕ 60 ಬ್ರಿಕ್ಸ್ ಬೇಕಿದ್ದರೆ 100 ಕಿಲೋ ರಸದಿಂದ ಎಷ್ಟು ನೀರು ತೆಗೆಯಬೇಕು? (ಉತ್ತರ: 80 ಕಿಲೋ)
4. 0.1 ಮಿ.ಮೀ. ಹಕ್ಕಳೆಗೆ ಮೇಲಿನ ಪಟ್ಟಿಯ ಸಂಖ್ಯೆ ಎಷ್ಟಾಗುತ್ತದೆ? (ಉತ್ತರ: ಸುಮಾರು 1667)
5. ನಿಮ್ಮ ಊರಿನಲ್ಲಿ ಮನುಷ್ಯರು ಇಳಿಯುವ ಮುಚ್ಚಿದ ಜಾಗಗಳು ಯಾವುವು? ಪಟ್ಟಿ ಮಾಡಿ. ಪ್ರತಿಯೊಂದರಲ್ಲೂ ಯಾವ ಅನಿಲ ಇರಬಹುದು ಅಂತ ಎದುರಿಗೆ ಬರೆಯಿರಿ.